ಅಪಾಯದ ಸೂಚನೆ ಯಾವ ಭಾಷೆಯಲ್ಲಿ? ರಾಸಾಯನಿಕ ಸುರಕ್ಷತೆ: ಆಡಳಿತ, ಉದ್ಯಮ ಮತ್ತು ಗಡಿನಾಡ ಕನ್ನಡಿಗರು

ತಲಪಾಡಿಯ ಗಡಿ ದಾಟಿ ದಕ್ಷಿಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಡುಗೆ ಅನಿಲದ ಟ್ಯಾಂಕರುಗಳು ಕಾಣದ ದಿನವಿಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕನ್ನಡ ಶಾಲೆಗಳ ಮಕ್ಕಳು ಅದೇ ರಸ್ತೆಯ ಅಂಚಿನಲ್ಲಿ ಬಸ್ಸಿಗೆ ಕಾಯುತ್ತಾರೆ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟಿದ್ದ ಇಂಥ ಒಂದು ಟ್ಯಾಂಕರು ಕಣ್ಣೂರಿನ ಬಳಿಯ ಚಾಲದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಮಗುಚಿತು. ಸೋರಿದ ಅನಿಲಕ್ಕೆ ಬೆಂಕಿ ತಗಲಿ, ಸುತ್ತಲಿನ ಮನೆಗಳವರು ಸೇರಿದಂತೆ ಇಪ್ಪತ್ತರಷ್ಟು ಜನರು ಪ್ರಾಣ ಕಳೆದುಕೊಂಡರು. ಮರುವರ್ಷದ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿಯೂ ಅಂಥದೇ ದುರಂತ ನಡೆಯಿತು. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳ ಕನ್ನಡಿಗರಿಗೂ ಸೊಲ್ಲಾಪುರದ ಕಾರ್ಖಾನೆಗಳ ನೆರೆಯಲ್ಲಿ ಬಾಳುವ ಕನ್ನಡಿಗರಿಗೂ ಪ್ರಶ್ನೆ ಒಂದೇ: ಅಪಾಯ ಒದಗಿದಾಗ ನಮಗೆ ತಿಳಿಸುವವರು ಯಾರು? ಯಾವ ಭಾಷೆಯಲ್ಲಿ?

ಈ ವಿಷಯದಲ್ಲಿ ಸರ್ಕಾರಿ ಇಲಾಖೆಗಳೂ ಉದ್ಯಮಗಳೂ ಕೂಡಿ ಕೆಲಸ ಮಾಡಬೇಕೆಂದು ಕಾನೂನು ವಿಧಿಸಿದೆ. ಆ ವ್ಯವಸ್ಥೆಯಲ್ಲಿ ಊರಿನವರಿಗೂ ಸ್ಥಾನವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕಾನೂನು ಹುಟ್ಟಿದ ಹಿನ್ನೆಲೆ

1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಕು ಹರಿಯುವುದರೊಳಗೆ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನರು ಮಡಿದರು. ತಮ್ಮ ಬೇಲಿಯಾಚೆ ಏನನ್ನು ಸಂಗ್ರಹಿಸಿಡಲಾಗಿದೆ, ಅದು ಸೋರಿದರೆ ಏನು ಮಾಡಬೇಕು ಎಂಬುದು ಆ ಬಸ್ತಿಗಳ ಜನರಿಗೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಳ್ಳಬೇಕೆಂಬ ಒಂದು ಮಾತು ಮೊದಲೇ ತಲುಪಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಆ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮ ಬಂತು. 1987ರಲ್ಲಿ ಕಾರ್ಖಾನೆಗಳ ಅಧಿನಿಯಮಕ್ಕೆ ಸೇರಿದ ತಿದ್ದುಪಡಿಯು, ಅಪಾಯದ ಸ್ವರೂಪವನ್ನು ಕಾರ್ಮಿಕರಿಗೆ, ಸ್ಥಳೀಯ ಸಂಸ್ಥೆಗೆ ಹಾಗೂ ನೆರೆಯ ಸಾರ್ವಜನಿಕರಿಗೆ ತಿಳಿಸುವ ಕರ್ತವ್ಯವನ್ನು ಕಾರ್ಖಾನೆಯ ಮೇಲೆ ಹೊರಿಸಿತು. 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳು, 1996ರ ರಾಸಾಯನಿಕ ಅಪಘಾತಗಳ ತುರ್ತು ಯೋಜನೆ, ಸಿದ್ಧತೆ ಮತ್ತು ಸ್ಪಂದನೆ ನಿಯಮಗಳು ಈ ಕರ್ತವ್ಯಕ್ಕೆ ವಿವರವಾದ ರೂಪ ಕೊಟ್ಟವು.

ಯಾರ ಹೊಣೆ ಯಾವುದು

1989ರ ನಿಯಮಗಳು ಪ್ರತಿ ರಾಸಾಯನಿಕಕ್ಕೂ ಒಂದು ಮಿತಿಯನ್ನು ಗೊತ್ತುಪಡಿಸಿವೆ. ಉದಾಹರಣೆಗೆ ಕ್ಲೋರಿನ್‌ಗೆ 10 ಟನ್, ಅಮೋನಿಯಾಕ್ಕೆ 60 ಟನ್. ಇಷ್ಟು ಅಥವಾ ಇದಕ್ಕಿಂತ ಹೆಚ್ಚು ದಾಸ್ತಾನಿದ್ದರೆ ತುರ್ತು ಯೋಜನೆಯ ಹೊಣೆ ಆ ಘಟಕದ ಮೇಲೆ ಬೀಳುತ್ತದೆ. ಆವರಣದ ಒಳಗಿನ ತುರ್ತು ಯೋಜನೆಯನ್ನು ಕಾರ್ಖಾನೆಯೇ ಸಿದ್ಧಪಡಿಸಿ, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ಆವರಣದ ಹೊರಗಿನ ಯೋಜನೆ ಜಿಲ್ಲಾಡಳಿತದ ಹೊಣೆ; ಅದರ ತಾಲೀಮು ವರ್ಷಕ್ಕೆ ಒಮ್ಮೆಯಾದರೂ ನಡೆಯಬೇಕು. ಹೊರಗಿನ ಯೋಜನೆಗೆ ಬೇಕಾದ ಮಾಹಿತಿಯನ್ನು ಒದಗಿಸಬೇಕಾದುದು ಮತ್ತೆ ಕಾರ್ಖಾನೆಯೇ. ಹೀಗೆ ಒಂದು ಕಡೆ ಲೋಪವಾದರೆ ಇನ್ನೊಂದು ಕಡೆಯ ಕೆಲಸವೂ ನಿಲ್ಲುತ್ತದೆ. ಸಹಕಾರವೆಂಬುದು ಇಲ್ಲಿ ಸೌಜನ್ಯದ ಮಾತಲ್ಲ.

ಇಲಾಖೆಗಳ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕೇರಳದಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ. ತಮಿಳುನಾಡು ಮತ್ತು ಮಹಾರಾಷ್ಟ್ರಗಳಲ್ಲಿ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯ. ಪೆಟ್ರೋಲಿಯಂ, ಸ್ಫೋಟಕ ಮತ್ತು ಒತ್ತಡದ ಅನಿಲ ತೊಟ್ಟಿಗಳ ಪರವಾನಗಿಯನ್ನು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆ ನೋಡಿಕೊಳ್ಳುತ್ತದೆ. ಅಗ್ನಿಶಾಮಕ ದಳ, ಪೊಲೀಸ್, ಆರೋಗ್ಯ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಗಳು ಇವುಗಳೊಡನೆ ಸೇರುತ್ತವೆ. ಕೈಗಾರಿಕಾ ಪ್ರದೇಶಗಳಲ್ಲಿ ಅಕ್ಕಪಕ್ಕದ ಕಾರ್ಖಾನೆಗಳು ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡು, ಬೆಂಕಿ ನಂದಿಸುವ ನೊರೆ, ಉಸಿರಾಟದ ಸಾಧನ, ತರಬೇತಾದ ಸಿಬ್ಬಂದಿಯನ್ನು ಹಂಚಿಕೊಳ್ಳುವ ಪದ್ಧತಿಯೂ ಇದೆ.

ಒಂದೇ ಮೇಜಿನ ಸುತ್ತ

1996ರ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಎಂಬ ನಾಲ್ಕು ಹಂತಗಳ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ವಿಧಿಸಿವೆ. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು, ಕಾರ್ಖಾನೆಗಳ ನಿರೀಕ್ಷಕರು ಸದಸ್ಯ ಕಾರ್ಯದರ್ಶಿ. ಅದು 45 ದಿನಗಳಿಗೊಮ್ಮೆ ಸಭೆ ಸೇರಬೇಕು.

ನಮಗೆ ಹೆಚ್ಚು ಮುಖ್ಯವಾದುದು ಕೈಗಾರಿಕಾ ಪ್ರದೇಶದ ಸ್ಥಳೀಯ ಸಮಿತಿ. ಅದು ತಿಂಗಳಿಗೊಮ್ಮೆ ಸೇರಬೇಕು, ಆರು ತಿಂಗಳಿಗೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು. ಅದರ ಸದಸ್ಯರ ಪಟ್ಟಿಯನ್ನು ಗಮನಿಸಿ: ಉಪವಿಭಾಗದ ದಂಡಾಧಿಕಾರಿ, ಉದ್ಯಮಗಳ ಪ್ರತಿನಿಧಿಗಳು, ಅಪಾಯಕಾರಿ ರಾಸಾಯನಿಕ ಸಾಗಿಸುವವರ ಪರವಾಗಿ ಇಬ್ಬರು, ಅಗ್ನಿಶಾಮಕ ಮತ್ತು ಪೊಲೀಸ್ ಅಧಿಕಾರಿಗಳು. ಇವರ ಜತೆಯಲ್ಲಿ ಸ್ಥಳೀಯ ಪತ್ರಿಕೆಯ ಸಂಪಾದಕರು, ಊರಿನ ಮುಖಂಡರು ಅಥವಾ ಪಂಚಾಯತಿನ ಅಧ್ಯಕ್ಷರು, ಸ್ವಯಂಸೇವಾ ಸಂಸ್ಥೆಯ ಒಬ್ಬರು, ಇಬ್ಬರು ವೈದ್ಯರು, ಇಬ್ಬರು ಸಮಾಜ ಸೇವಕರು. ಅಪಾಯಕ್ಕೆ ಒಳಗಾಗಬಹುದಾದ ಜನರಿಗೆ ತಿಳಿವಳಿಕೆ ಕೊಡುವುದು, ಸಾರ್ವಜನಿಕರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವುದು ಈ ಸಮಿತಿಯ ಕರ್ತವ್ಯಗಳೆಂದು ನಿಯಮದಲ್ಲಿಯೇ ಇದೆ.

ಕಾಗದದ ಮೇಲಿನ ವ್ಯವಸ್ಥೆ ಸಾಲದು ಎಂಬುದಕ್ಕೆ 2020ರ ಮೇ 7ರ ಘಟನೆ ಸಾಕ್ಷಿ. ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ ಮುಂಜಾವದ ನಿದ್ರೆಯಲ್ಲಿದ್ದ ಜನರ ಮೇಲೆ ಸ್ಟೈರೀನ್ ಆವಿ ಹರಡಿ 12 ಮಂದಿ ಮರಣ ಹೊಂದಿದರು. ಊರನ್ನು ಎಚ್ಚರಿಸಬೇಕಾಗಿದ್ದ ಸೈರನ್ ಮೊಳಗಲಿಲ್ಲವೆಂದು ರಾಜ್ಯ ಸರ್ಕಾರದ ಉನ್ನತಾಧಿಕಾರ ಸಮಿತಿ ದಾಖಲಿಸಿತು.

ರಸ್ತೆಯ ಮೇಲೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ವಾಹನವು ತುರ್ತು ಮಾಹಿತಿ ಫಲಕವನ್ನು ಹೊಂದಿರಬೇಕು. ಅದರಲ್ಲಿ ರಾಸಾಯನಿಕದ ಹೆಸರು, ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆ, ಅಪಾಯದ ವರ್ಗದ ಚಿಹ್ನೆ, ಸಂಪರ್ಕಿಸಬೇಕಾದ ದೂರವಾಣಿಗಳು ಇರುತ್ತವೆ. ಅಡುಗೆ ಅನಿಲಕ್ಕೆ 1075, ಪೆಟ್ರೋಲಿಗೆ 1203, ಅಮೋನಿಯಾಕ್ಕೆ 1005, ಕ್ಲೋರಿನ್‌ಗೆ 1017. ಅಪಘಾತದ ಸುದ್ದಿ ಕೊಡುವವರು ಈ ನಾಲ್ಕು ಅಂಕಿಗಳನ್ನು ದೂರದಿಂದಲೇ ಓದಿ ಹೇಳಿದರೆ ಅಗ್ನಿಶಾಮಕ ದಳ ತಕ್ಕ ಸಿದ್ಧತೆಯೊಡನೆ ಬರಬಲ್ಲದು.

ಇಂಥ ವಾಹನದ ಚಾಲಕನು ವಿಶೇಷ ತರಬೇತಿ ಪಡೆದಿರಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಾಗಿರಬೇಕು. ಚಾಲಕನ ಭಾಷೆಯ ಬಗ್ಗೆ ಇಷ್ಟು ಎಚ್ಚರ ವಹಿಸಿದ ಮೇಲೆ, ರಸ್ತೆಯಂಚಿನ ಮನೆಗಳವರ ಭಾಷೆಯನ್ನೂ ಗಮನಿಸಬೇಕಾಗುತ್ತದೆ.

ಭಾಷೆಯ ಪ್ರಶ್ನೆ

ನಮ್ಮ ಕನ್ನಡ ಶಾಲೆಯೊಂದರ ಮುಂದೆ ಒಮ್ಮೆ ಅಣಕು ಕಾರ್ಯಾಚರಣೆಯ ಘೋಷಣೆ ಮಾಡುತ್ತ ವಾಹನವೊಂದು ಹಾದುಹೋಯಿತು. ಘೋಷಣೆ ಇಲಾಖೆಯ ಗ್ರಾಂಥಿಕ ಮಲಯಾಳದಲ್ಲಿತ್ತು. ಸಂತೆಯ ಮಲಯಾಳವನ್ನು ನಮ್ಮ ಹಿರಿಯರು ಚೆನ್ನಾಗಿಯೇ ಬಲ್ಲರು. ಆದರೆ ಈ ಮಾತು ಅವರಿಗೆ ಹತ್ತಲಿಲ್ಲ. ಲಾಟರಿ ಮಾರುವ ವಾಹನವೆಂದು ಕೆಲವರು ತಿಳಿದರು. ಮಕ್ಕಳು ನೋಡಲು ಗೇಟಿನತ್ತ ಓಡಿದರು. ಅದು ನಿಜವಾದ ಸೋರಿಕೆಯಾಗಿದ್ದರೆ ಅವರು ಅಪಾಯದ ಕಡೆಗೇ ಓಡಿದಂತಾಗುತ್ತಿತ್ತು.

ನಿಯಮಗಳು ಜನರಿಗೆ ‘ತಿಳಿಸಬೇಕು’ ಎನ್ನುತ್ತವೆ. ಅರ್ಥವಾಗದ್ದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ತಿಳಿಸಿದಂತಾಗದು. ಶಿಕ್ಷಕರಾದ ನಮಗೆ ಇದು ನಿತ್ಯದ ಅನುಭವ. ಭಾಷಾ ಅಲ್ಪಸಂಖ್ಯಾತರಿಗೆ ರಾಷ್ಟ್ರಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣೆಗಳ ಪ್ರಕಾರ, ಜಿಲ್ಲೆಯಲ್ಲಾಗಲಿ ಅದರ ಉಪವಿಭಾಗದಲ್ಲಾಗಲಿ ಕನಿಷ್ಠ ಶೇ. 15ರಷ್ಟು ಜನರಾಡುವ ಭಾಷೆಯಲ್ಲಿ ಮುಖ್ಯ ನಿಯಮಗಳನ್ನೂ ಸೂಚನೆಗಳನ್ನೂ ಪ್ರಕಟಿಸಬೇಕು. ಸಂವಿಧಾನದ 350ನೆಯ ವಿಧಿಯು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ನೀಡಿದೆ.

ನಾವು ಮಾಡಬೇಕಾದುದು

ಮೊದಲನೆಯದಾಗಿ, ನಮ್ಮ ಪ್ರದೇಶದ ಸ್ಥಳೀಯ ಸಮಿತಿಯ ಸದಸ್ಯರ ಪಟ್ಟಿಯನ್ನೂ ಸಭೆಗಳ ವಿವರವನ್ನೂ ಮಾಹಿತಿ ಹಕ್ಕಿನಡಿ ಕೇಳೋಣ. ಎರಡನೆಯದಾಗಿ, ಸಂಪಾದಕ, ವೈದ್ಯ, ಸಮಾಜ ಸೇವಕರ ಸ್ಥಾನಗಳಲ್ಲಿ ಒಂದಕ್ಕಾದರೂ ಕನ್ನಡ ಬಲ್ಲವರನ್ನು ನೇಮಿಸುವಂತೆ ಮನವಿ ಕೊಡೋಣ. ಮೂರನೆಯದಾಗಿ, ಕರಪತ್ರ, ಫಲಕ ಮತ್ತು ಧ್ವನಿವರ್ಧಕದ ಘೋಷಣೆ ಕನ್ನಡದಲ್ಲಿಯೂ ಇರಲೆಂದು ಕೇಳೋಣ. ಅನುವಾದದ ಕೆಲಸವನ್ನು ನಮ್ಮ ಶಾಲೆಗಳ ಶಿಕ್ಷಕರೇ ವಹಿಸಿಕೊಳ್ಳಬಹುದು. ಗಡಿಯ ಎರಡೂ ಬದಿಯ ಜಿಲ್ಲೆಗಳ ಯೋಜನೆಗಳು ಒಂದಕ್ಕೊಂದು ಹೊಂದಿಕೊಳ್ಳಬೇಕೆಂಬುದನ್ನೂ ಮನವಿಯಲ್ಲಿ ಸೇರಿಸೋಣ. ಟ್ಯಾಂಕರು ಒಂದು ರಾಜ್ಯದಿಂದ ಹೊರಟು ಇನ್ನೊಂದರಲ್ಲಿ ಮಗುಚಬಹುದು.

ಅಲ್ಲಿಯವರೆಗೆ ಪ್ರತಿ ಮನೆಯಲ್ಲಿ, ಪ್ರತಿ ತರಗತಿಯಲ್ಲಿ ಇಷ್ಟು ತಿಳಿದಿರಲಿ. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಚರಂಡಿ, ತಗ್ಗುಗಳಲ್ಲಿ ಹರಿದು ನಿಲ್ಲುತ್ತದೆ. ಟ್ಯಾಂಕರು ಮಗುಚಿದರೆ ನೋಡಲು ಹೋಗಬಾರದು, ಒಲೆ ಉರಿಸಬಾರದು, ವಿದ್ಯುತ್ ಗುಂಡಿ ಒತ್ತಬಾರದು, ವಾಹನ ಚಾಲೂ ಮಾಡಬಾರದು. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ನಡೆಯಬೇಕು. ಕ್ಲೋರಿನ್ ಅಥವಾ ಅಮೋನಿಯಾದ ಘಾಟು ಬಂದರೆ ಒದ್ದೆ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ದೂರ ಸರಿದ ಮೇಲೆ 112 ಅಥವಾ 101ಕ್ಕೆ, ಅಡುಗೆ ಅನಿಲದ ಸೋರಿಕೆಗೆ 1906ಕ್ಕೆ ಕರೆ ಮಾಡಬೇಕು.

ಭೋಪಾಲದ ಜನರಿಗೆ ತಲುಪದೆ ಹೋದ ಮಾತು ಇದೇ. ನಮ್ಮ ಮಕ್ಕಳಿಗೆ ಅದು ತಲುಪಲಿ. ಅವರಿಗೆ ತಿಳಿಯುವ ಕನ್ನಡದಲ್ಲಿ ತಲುಪಲಿ.