ಹುಳಿ ತಾಗಿದರೆ ಬಿಚ್ಚಿಕೊಳ್ಳುವ ಸರಪಳಿ

ಕಾದ ಹಾಲಿಗೆ ನಿಂಬೆರಸ ಹಿಂಡಿದರೆ ಹಾಲು ಒಡೆಯುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ಏಕೆ ಒಡೆಯುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು ಅತಿ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ. ಕಣಗಳ ಮೇಲಿನ ಋಣ ವಿದ್ಯುದಂಶ ಅವನ್ನು ಪರಸ್ಪರ ದೂರ ಇಟ್ಟಿರುತ್ತದೆ. ಆಮ್ಲ ಸೇರಿದೊಡನೆ ಆ ವಿದ್ಯುದಂಶ ಅಳಿದು, ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ರೋಟೀನು ಎಂದರೆ ಚಿಕ್ಕ ಅಣುಗಳು ಮಣಿಗಳಂತೆ ಪೋಣಿಸಿಕೊಂಡ ಉದ್ದನೆಯ ಸರಪಳಿ. ಅಂದರೆ ಒಂದು ಪಾಲಿಮರ್. ಸುತ್ತಲಿನ ಸ್ಥಿತಿ ಬದಲಾದಾಗ ತನ್ನ ರೂಪವನ್ನೂ ಬದಲಿಸುವ ಕೃತಕ ಪಾಲಿಮರುಗಳನ್ನು ವಿಜ್ಞಾನಿಗಳು 'ಜಾಣ ಪಾಲಿಮರ್'ಗಳೆಂದು ಕರೆಯುತ್ತಾರೆ. ಕ್ಯಾನ್ಸರ್ ಗೆಡ್ಡೆಯನ್ನು ಕಾಣಲು, ಅದಕ್ಕೆ ಮದ್ದು ಮುಟ್ಟಿಸಲು ಇವನ್ನು ಬಳಸುವ ಪ್ರಯತ್ನದ ಬೇರುಗಳು ಒಂದು ಶತಮಾನಕ್ಕೂ ಹಿಂದಕ್ಕೆ ಹೋಗುತ್ತವೆ.

ಜರ್ಮನಿಯ ಪಾಲ್ ಎರ್ಲಿಕ್ ತರುಣನಾಗಿದ್ದಾಗ ಜೀವಕೋಶಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವನು. ಕೆಲವು ಬಣ್ಣಗಳು ಕೆಲವು ಕೋಶಗಳಿಗೆ ಮಾತ್ರ ಹಿಡಿಯುವುದನ್ನು ಅವನು ಗಮನಿಸಿದ. ಬಣ್ಣ ಹೀಗೆ ಆಯ್ಕೆ ಮಾಡುವುದಾದರೆ ಔಷಧವೇಕೆ ಮಾಡಬಾರದು? ರೋಗಕಾರಕವನ್ನಷ್ಟೇ ಹೊಡೆದು, ದೇಹವನ್ನು ಮುಟ್ಟದೆ ಬಿಡುವ 'ಮಾಯಾ ಗುಂಡು' ಅವನ ಕನಸಾಯಿತು. 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಕ್ಯಾನ್ಸರಿನ ವಿಷಯದಲ್ಲಿ ಆ ಗುಂಡು ಸಿಗಲಿಲ್ಲ. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನೈಟ್ರೋಜನ್ ಮಸ್ಟರ್ಡ್‌ನಿಂದ ಕ್ಯಾನ್ಸರಿಗೆ ರಾಸಾಯನಿಕ ಚಿಕಿತ್ಸೆ ಆರಂಭವಾದಾಗ, ಅದು ವೇಗವಾಗಿ ವಿಭಜನೆಗೊಳ್ಳುವ ಎಲ್ಲ ಕೋಶಗಳನ್ನೂ ಕೊಲ್ಲುವ ಮದ್ದಾಗಿತ್ತು. ಕ್ಯಾನ್ಸರ್ ರೋಗಿಗಳ ಕೂದಲು ಉದುರುವುದನ್ನು, ವಾಂತಿಯಿಂದ ಅವರು ಬಳಲುವುದನ್ನು ನೀವು ಕಂಡಿರಬಹುದು. ಕೂದಲಿನ ಬುಡ, ಕರುಳಿನ ಒಳಪದರ, ಎಲುಬಿನ ಮಜ್ಜೆ ಇವೆಲ್ಲವೂ ವೇಗವಾಗಿ ಬೆಳೆಯುವ ಭಾಗಗಳೇ.

ಗೆಡ್ಡೆಯನ್ನು ಉಳಿದ ದೇಹದಿಂದ ಬೇರ್ಪಡಿಸುವ ಗುರುತು ಯಾವುದು? 1920ರ ದಶಕದಲ್ಲಿ ಬರ್ಲಿನ್ನಿನ ಆಟೋ ವಾರ್ಬರ್ಗ್ ಒಂದು ಸುಳಿವು ಕೊಟ್ಟ. ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಅಂಗಾಂಶ ಗ್ಲೂಕೋಸನ್ನು ಹೇರಳವಾಗಿ ಬಳಸಿ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತದೆ ಎಂದು ಅವನು ತೋರಿಸಿದ. ಕೋಶಗಳು ಈ ಆಮ್ಲವನ್ನು ಹೊರಕ್ಕೆ ತಳ್ಳುತ್ತವೆ. ಆರೋಗ್ಯವಂತರ ರಕ್ತದ ಪಿಎಚ್ ಮೌಲ್ಯ 7.4. ಅನೇಕ ಗೆಡ್ಡೆಗಳಲ್ಲಿ ಕೋಶಗಳ ಹೊರಗಿನ ದ್ರವದ ಪಿಎಚ್ 6.5ರಿಂದ 6.9ರವರೆಗೆ ಇಳಿಯುತ್ತದೆ. ವ್ಯತ್ಯಾಸ ಅಲ್ಪವೆನಿಸಿತೇ? ಪಿಎಚ್ ಅರ್ಧ ಅಂಶ ಇಳಿದರೆ ಹೈಡ್ರೋಜನ್ ಅಯಾನುಗಳು ಸುಮಾರು ಮೂರು ಪಟ್ಟು ಹೆಚ್ಚುತ್ತವೆ ಎಂಬುದನ್ನು ಲಾಗರಿದಮ್ ಕಲಿತವರು ಲೆಕ್ಕ ಹಾಕಿ ನೋಡಬಹುದು.

ಈ ಗುರುತನ್ನು ಓದಬಲ್ಲ ವಸ್ತು ಇನ್ನೂ ಬೇಕಾಗಿತ್ತು. 1975ರಲ್ಲಿ ಜರ್ಮನಿಯ ಹೆಲ್ಮುಟ್ ರಿಂಗ್ಸ್‌ಡಾರ್ಫ್ ಪಾಲಿಮರ್ ಸರಪಳಿಗೆ ಔಷಧವನ್ನು ಕೊಂಡಿಯಿಂದ ಜೋಡಿಸುವ ಮಾದರಿಯನ್ನು ಮುಂದಿಟ್ಟರು. 1978ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಭೌತವಿಜ್ಞಾನಿ ತೊಯೊಯಿಚಿ ತನಾಕ, ಸುತ್ತಲಿನ ಸ್ಥಿತಿ ತುಸು ಬದಲಾದರೂ ಪಾಲಿಮರ್ ಜೆಲ್ ಒಮ್ಮೆಗೇ ಕುಗ್ಗಬಲ್ಲದು ಎಂಬುದನ್ನು ತೋರಿಸಿದರು. 1986ರಲ್ಲಿ ಜಪಾನಿನ ಯಸುಹಿರೊ ಮತ್ಸುಮುರ ಮತ್ತು ಹಿರೋಶಿ ಮಯೆದ ಅವರು, ಗೆಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಒಳಹೊಕ್ಕು ಅಲ್ಲೇ ಉಳಿಯುತ್ತವೆ ಎಂದು ವರದಿ ಮಾಡಿದರು. ಬಾಗಿಲು ತೆರೆದಂತಾಯಿತು.

1994ರಲ್ಲಿ ಬ್ರಿಟನ್ನಿನಲ್ಲಿ ಡಾಕ್ಸೊರುಬಿಸಿನ್ ಔಷಧವನ್ನು ಪಾಲಿಮರಿಗೆ ಜೋಡಿಸಿದ 'ಪಿಕೆ1' ಎಂಬ ಮದ್ದನ್ನು ರೋಗಿಗಳಲ್ಲಿ ಪರೀಕ್ಷಿಸಲು ತೊಡಗಿದರು. ಕೋಶದೊಳಗಿನ ಕಿಣ್ವವೊಂದು ಕೊಂಡಿಯನ್ನು ಕತ್ತರಿಸಿದಾಗ ಮಾತ್ರ ಔಷಧ ಬಿಡುಗಡೆಯಾಗುವಂತೆ ಅದನ್ನು ರೂಪಿಸಿದ್ದರು. ಮಾಮೂಲಿಗಿಂತ ನಾಲ್ಕೈದು ಪಟ್ಟು ಔಷಧವನ್ನು ರೋಗಿಗಳು ತಾಳಿಕೊಂಡರು. ಆದರೂ ಪಿಕೆ1 ಔಷಧದ ಅಂಗಡಿಯನ್ನು ತಲುಪಲಿಲ್ಲ. 2016ರಲ್ಲಿ ಟೊರಾಂಟೊದ ಸಂಶೋಧಕರು ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ನ್ಯಾನೋಕಣಗಳಲ್ಲಿ ಗೆಡ್ಡೆಗೆ ಸೇರಿದ ಪಾಲಿನ ಮಧ್ಯಮ ಮೌಲ್ಯ ಕೇವಲ ಶೇಕಡಾ 0.7 ಎಂದು ಕಂಡುಬಂತು. ತೆರೆದ ಬಾಗಿಲು ಬಲು ಕಿರಿದಾಗಿತ್ತು!

ಕೊಲ್ಲಲು ಬಹಳ ಮದ್ದು ಬೇಕು. ತೋರಿಸಲು ತುಸು ಬೆಳಕು ಸಾಕು. ಅಮೆರಿಕದ ಡಲ್ಲಾಸಿನಲ್ಲಿ ಜಿನ್‌ಮಿಂಗ್ ಗಾವೊ ಅವರ ತಂಡ ಈ ದಾರಿ ಹಿಡಿಯಿತು. ಅವರ ಪಾಲಿಮರುಗಳು ರಕ್ತದಲ್ಲಿ ಉಂಡೆ ಕಟ್ಟಿಕೊಂಡಿರುತ್ತವೆ. ಒಳಗೆ ಒತ್ತಾಗಿ ತುಂಬಿರುವ ಬಣ್ಣದ ಅಣುಗಳು ಒಂದರ ಬೆಳಕನ್ನು ಇನ್ನೊಂದು ನಂದಿಸುತ್ತವೆ. ಗೆಡ್ಡೆಯ ಹುಳಿ ತಾಗಿದಾಗ ಪಾಲಿಮರಿನ ಅಮೈನ್ ಗುಂಪುಗಳು ಹೈಡ್ರೋಜನ್ ಅಯಾನುಗಳನ್ನು ಹಿಡಿದು ಧನ ವಿದ್ಯುದಂಶ ಪಡೆಯುತ್ತವೆ, ಒಂದನ್ನೊಂದು ದೂಡುತ್ತವೆ, ಉಂಡೆ ಬಿಚ್ಚಿಕೊಂಡು ಬಣ್ಣ ಬೆಳಗುತ್ತದೆ. ಹಾಲಿನಲ್ಲಿ ಆಮ್ಲ ಕಣಗಳನ್ನು ಕೂಡಿಸಿತು, ಇಲ್ಲಿ ಅದೇ ಆಮ್ಲ ಬೇರ್ಪಡಿಸುತ್ತದೆ. ಆ ಬೆಳಕು ಅವರಕ್ತ ವಲಯದ್ದಾದ್ದರಿಂದ ನಮ್ಮ ಕಣ್ಣಿಗೆ ಬೀಳದು, ಅದಕ್ಕೆಂದೇ ಸಿದ್ಧಪಡಿಸಿದ ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾಮೆರಾದೊಂದಿಗೇ ದಿನ ಕಳೆಯುವ ನನ್ನಂಥವನಿಗೆ ಇದು ವಿಶೇಷ ಕುತೂಹಲದ ವಿಷಯ.

ಇದರಿಂದ ರೋಗಿಗೇನು ಲಾಭ? ಶಸ್ತ್ರವೈದ್ಯರು ಗೆಡ್ಡೆ ತೆಗೆಯುವಾಗ ಅಂಚಿನಲ್ಲಿ ಒಂದಿಷ್ಟು ಕ್ಯಾನ್ಸರ್ ಉಳಿದರೆ ರೋಗ ಮರುಕಳಿಸಬಹುದು. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ 30 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2020ರಲ್ಲಿ ಪ್ರಕಟವಾಯಿತು. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದ 9 ಮಂದಿಯಲ್ಲಿ 9 ಮಂದಿಯನ್ನೂ ಈ ಬೆಳಕು ತೋರಿಸಿಕೊಟ್ಟಿತ್ತು.

ಎರ್ಲಿಕ್ ಬಣ್ಣದಿಂದ ಹೊರಟು ಗುಂಡಿನ ಕನಸು ಕಂಡ. ಗುಂಡಿನ ಗುರಿ ಇನ್ನೂ ಪೂರ್ತಿ ಕೂಡಿಬಂದಿಲ್ಲ. ಬಣ್ಣ ಮಾತ್ರ ಗೆಡ್ಡೆಯ ಅಂಚನ್ನು ಮುಟ್ಟಿದೆ. ವಾರ್ಬರ್ಗನ ಜೀವರಸಾಯನ, ತನಾಕರ ಭೌತವಿಜ್ಞಾನ, ರಿಂಗ್ಸ್‌ಡಾರ್ಫರ ರಸಾಯನ ಇವು ಕೂಡಿಯೇ ಇಷ್ಟು ದೂರ ಬಂದದ್ದು. ನಾಳೆ ನೀವು ಇವುಗಳಲ್ಲಿ ಯಾವುದೇ ಒಂದನ್ನು ಆರಿಸಿಕೊಂಡರೂ ಪಕ್ಕದ ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ಆಗಾಗ ಇಣುಕಿ ನೋಡುತ್ತಿರಿ.