ಭಾಂಡುಪಿನ ಬಾಡಿಗೆಮನೆ: ಕಾಯಿದೆಯೂ ಪಗಡಿಯೂ

ಮುಂಬಯಿಯನ್ನು ಠಾಣೆಯೊಡನೆ ಜೋಡಿಸುವ ರೈಲುಮಾರ್ಗದ ಕಲ್ಪನೆ ಸರಕಾರದ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕನಿಗೆ ಮೊಳೆತುದು 1843ರಲ್ಲಿ, ಆತನು ಭಾಂಡುಪಿಗೆ ಬಂದಿದ್ದಾಗ ಎಂದು ರೈಲ್ವೆಯ ಇತಿಹಾಸವು ಹೇಳುತ್ತದೆ. 1853ರಲ್ಲಿ ರೈಲು ಓಡಿತು. ಕಾಲಾಂತರದಲ್ಲಿ ಕಾರಖಾನೆಗಳು ಬಂದುವು. ಅವುಗಳ ಬೆನ್ನಿಗೆ ಚಾಳುಗಳು. 1950ರಲ್ಲಿ ಭಾಂಡುಪ್ ಬೃಹನ್ಮುಂಬಯಿಗೆ ಸೇರಿತು.

ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮವರಿಗೆ ಕೆಲಸಕ್ಕಿಂತಲೂ ಸೂರು ದುರ್ಲಭವಾದುದೇಕೆ? 1947ರ ಮುಂಬಯಿ ಬಾಡಿಗೆ ಕಾಯಿದೆಯು 1940ರ ಸೆಪ್ಟೆಂಬರ್ 1ರಂದಿದ್ದ ಬಾಡಿಗೆಯನ್ನು, ಅನಂತರ ಬಾಡಿಗೆಗೆ ಕೊಟ್ಟ ಮನೆಗಳಿಗೆ ಮೊದಲ ಬಾಡಿಗೆಯನ್ನು, ಪ್ರಮಾಣವೆಂದು ಗೊತ್ತುಪಡಿಸಿತು. ಒಳಗಿದ್ದ ಬಡವನಿಗೆ ಇದು ರಕ್ಷೆಯೇ ಸರಿ. ಆದರೆ ಬೆಲೆಗಳೆಲ್ಲ ಏರಿದರೂ ಬಾಡಿಗೆ ಏರಲಿಲ್ಲ; ಮಾಲೀಕರು ದುರಸ್ತಿಯನ್ನು ಕೈಬಿಟ್ಟರು, ಬಾಡಿಗೆಗೆಂದು ಮನೆ ಕಟ್ಟಿಸಲು ಹಿಂಜರಿದರು. ಕಾಯಿದೆಯು ನಿಷೇಧಿಸಿದ್ದ ಪಗಡಿ ರಸೀದಿಯಿಲ್ಲದೆ ಕೈಬದಲಾಯಿತು. ತಿಂಗಳ ಬಾಡಿಗೆಯನ್ನು ತೆರಬಲ್ಲವನೂ ಪಗಡಿಯ ಮೊತ್ತವನ್ನು ಹೊಂದಿಸಲಾರದೆ ಹೊರಗುಳಿದನು. ಹೋಟೆಲಿನ ಹುಡುಗನಿಗೆ, ಬಾಗಿಲು ಮುಚ್ಚಿದ ಮೇಲೆ, ಹೋಟೆಲಿನ ನೆಲವೇ ಮನೆಯಾಯಿತು.

ಮಲ್ಪೆ ವಿಶ್ವನಾಥ ಆಚಾರ್ಯ ಎಂಬವರ ಹೆಸರಿನ ಮೊಕದ್ದಮೆಯಲ್ಲಿ, 1997ರಲ್ಲಿ, ಸುಪ್ರೀಂ ಕೋರ್ಟು ಹೀಗೆ ಹೆಪ್ಪುಗಟ್ಟಿದ ಬಾಡಿಗೆ ಅಸಮಂಜಸವೆಂದಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಹೊಸ ಕಾಯಿದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶವಿತ್ತು, ಪಗಡಿಯನ್ನೂ ಸಕ್ರಮಗೊಳಿಸಿತು. ಇಂದು ಹೊಸಬನಿಗೆ ದೊರೆಯುವುದು ಹೆಚ್ಚಾಗಿ ಹನ್ನೊಂದು ತಿಂಗಳ ಕರಾರು. ಪಗಡಿಯ ಸ್ಥಾನದಲ್ಲಿ ಠೇವಣಿ ಕುಳಿತಿದೆ. ಒಳಗಿರುವವನನ್ನು ಕಾಯುವ ಕಾಯಿದೆಯು ಹೊಸ್ತಿಲಾಚೆ ನಿಂತವನನ್ನೂ ಕಂಡಾಗಲೇ ಅದರ ನ್ಯಾಯ ಪೂರ್ಣವಾದೀತು.