ಅರ್ಜಿ ಈಗ ಎಲ್ಲಿದೆ? ಒಂದು ಹಳೇ ಪ್ರಶ್ನೆಯ ಇತಿಹಾಸ

ಅಪ್ಪ ತೀರಿಕೊಂಡ ವರ್ಷ ಪೌತಿ ಖಾತೆಗೆ ಅರ್ಜಿ ಹಾಕಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಾ ಕೊಟ್ಟಾಗಿತ್ತು. ಹೋದಾಗಲೆಲ್ಲ ಕಿಟಕಿಯ ಆಚೆಯಿಂದ ಒಂದೇ ಉತ್ತರ: "ಪೆಂಡಿಂಗ್ ಇದೆ." ಪಹಣಿಯಲ್ಲಿ ಅಪ್ಪನ ಹೆಸರೇ ಇದ್ದದ್ದರಿಂದ ಆ ಮುಂಗಾರಿಗೆ ಬೆಳೆ ಸಾಲ ಸಿಗಲಿಲ್ಲ. ಅವ್ವ ಓಲೆ ಅಡವಿಟ್ಟು ಬೀಜ, ಗೊಬ್ಬರ ತಂದಳು. ಕೊನೆಗೆ ಗೊತ್ತಾಯಿತು, ವಂಶವೃಕ್ಷದಲ್ಲಿ ಒಂದು ಹೆಸರು ತಪ್ಪಿತ್ತು. ಅರ್ಜಿ ನಮಗಾಗಿ ಕಾಯುತ್ತಿತ್ತು, ನಾವು ಅರ್ಜಿಗಾಗಿ ಕಾಯುತ್ತಿದ್ದೆವು.

"ಪೆಂಡಿಂಗ್" ಅನ್ನುವ ಒಂದೇ ಪದದೊಳಗೆ ಎಷ್ಟು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ ನೋಡಿ. ಅವನ್ನು ಬಿಡಿಸಿ ಹೇಳುವ ಪ್ರಯತ್ನಕ್ಕೂ ಒಂದು ಇತಿಹಾಸವಿದೆ.

ಕಾಗದದ ಕಾಲದಲ್ಲಿ ಟಪಾಲು ವಹಿ ಇತ್ತು. ಅರ್ಜಿ ಬಂದ ದಿನ, ಯಾವ ಗುಮಾಸ್ತರ ಮೇಜಿಗೆ ಹೋಯಿತು ಎಂಬುದು ಅದರಲ್ಲಿ ಇರುತ್ತಿತ್ತು. ಆದರೆ ವಹಿ ಇದ್ದದ್ದು ಕಚೇರಿಯ ಒಳಗೆ. ಹೊರಗೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ.

ಕಂಪ್ಯೂಟರ್ ಬಂದಾಗ ಬ್ಯಾಂಕು, ವಿಮಾ ಕಂಪನಿಗಳಿಗೂ ಇದೇ ತಲೆನೋವು. ಒಂದೇ ಕೆಲಸ ಹತ್ತು ಕೈ ದಾಟಬೇಕು. 1993ರಲ್ಲಿ 'ವರ್ಕ್‌ಫ್ಲೋ ಮ್ಯಾನೇಜ್‌ಮೆಂಟ್ ಕೊಯಲಿಷನ್' ಎಂಬ ಅಂತರರಾಷ್ಟ್ರೀಯ ಕೂಟ ಹುಟ್ಟಿತು. 1995ರಲ್ಲಿ ಅದು ಒಂದು ಮಾದರಿ ಪ್ರಕಟಿಸಿತು. ಪ್ರತಿ ಅರ್ಜಿಯೂ ಯಾವುದೇ ಗಳಿಗೆಯಲ್ಲಿ ಒಂದು ಸ್ಥಿತಿಯಲ್ಲಿ ಇರಲೇಬೇಕು: ದಾಖಲಾಗಿದೆ, ಶುರುವಾಗಿದೆ, ಯಾರದೋ ಕೈಯಲ್ಲಿ ಕೆಲಸ ನಡೆಯುತ್ತಿದೆ, ತಡೆದು ನಿಲ್ಲಿಸಲಾಗಿದೆ, ಮುಗಿದಿದೆ, ಅಥವಾ ನಡುವೆಯೇ ಕೈಬಿಡಲಾಗಿದೆ. ನಮ್ಮದು ನಿಂತುಹೋಗಿತ್ತು; ಕಿಟಕಿಯಲ್ಲಿ ಅದನ್ನು ನಡೆಯುತ್ತಿದೆ ಎಂಬಂತೆ ಹೇಳಿದರು.

ಆಮೇಲೆ ಒಂದೇ ಕೆಲಸ ಹಲವು ಇಲಾಖೆಯ ಕಂಪ್ಯೂಟರ್ ದಾಟುವ ಕಾಲ ಬಂತು. ಅವುಗಳ ನಡುವೆ ಮೇಸ್ತ್ರಿಯ ಹಾಗೆ ನಿಂತು ಕೆಲಸ ಹಂಚುವ ತಂತ್ರಾಂಶಕ್ಕೆ 'ಮಿಡಲ್‌ವೇರ್' ಎನ್ನುತ್ತಾರೆ. 2002ರಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಬಿಇಎ ಕಂಪನಿಗಳು ಸೇರಿ 'ಬಿಪೆಲ್' ಎಂಬ ಭಾಷೆ ತಂದದ್ದು ಈ ಮೇಸ್ತ್ರಿಗಾಗಿಯೇ. ಉತ್ತರ ಬರಲು ತಿಂಗಳಾದರೂ ಮೇಸ್ತ್ರಿ ಮರೆಯುವಂತಿಲ್ಲ. ಅದಕ್ಕೇ ಅರ್ಜಿಯ ಸ್ಥಿತಿಯನ್ನು ಡೇಟಾಬೇಸಿನಲ್ಲಿ ಬರೆದಿಡುತ್ತದೆ; ಕರೆಂಟು ಹೋಗಿ ಬಂದರೂ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಬಂದ ಉತ್ತರ ಯಾರ ಅರ್ಜಿಯದು ಎಂದು ಹೊಂದಿಸಲು ಒಂದು ಗುರುತಿನ ನಂಬರೂ ಬೇಕು.

ನಮ್ಮ 'ಭೂಮಿ' ಯೋಜನೆ ಇದೇ ಭಾಷೆಯಲ್ಲಿದೆ ಎಂದು ಹೇಳುತ್ತಿಲ್ಲ. ಪ್ರಶ್ನೆ ಮಾತ್ರ ಅದೇ. 2000ದ ದಶಕದ ಶುರುವಿನಲ್ಲಿ ಕೈಬರಹದ ಪಹಣಿ ಹೋಗಿ, 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಬಂತು. ಅದರ ಜೊತೆಗೇ ಖಾತೆ ಬದಲಾವಣೆಗೆ 'ಮೊದಲು ಬಂದದ್ದು ಮೊದಲು' ಎಂಬ ಸಾಲು ಬಂತು. ಹಿಂದಿನವರ ಅರ್ಜಿ ಬಿಟ್ಟು ಪರಿಚಯದವರದನ್ನು ಮೇಲೆ ಎತ್ತುವುದು ಕಷ್ಟವಾಯಿತು.

2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ 'ಸಕಾಲ' ಜಾರಿಯಾಯಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರು. ಟಪಾಲು ವಹಿಯ ಆ ಸಾಲು ಅರ್ಜಿದಾರರ ಜೇಬಿಗೆ ಬಂದದ್ದು ಹೀಗೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ ಕಾನೂನು ಇಟ್ಟಿತು.

ಆದರೂ ಮೊಬೈಲಿನಲ್ಲಿ ಬರುವ ಪದ ನಿಜ ಹೇಳದಿದ್ದರೆ ನಂಬರು ಇದ್ದೂ ಪ್ರಯೋಜನವಿಲ್ಲ. ಜಮೀನು ನೋಂದಣಿ 'ಮುಗಿದಿದೆ' ಎಂದು ಉಪನೋಂದಣಿ ಕಚೇರಿ ಹೇಳಬಹುದು, ಆದರೆ ಖಾತೆ ಇನ್ನೂ ತಾಲ್ಲೂಕು ಕಚೇರಿಯಲ್ಲೇ ಇರಬಹುದು. ಒಂದು ಕಡೆಯ ಮುಗಿತಾಯ ಇನ್ನೊಂದು ಕಡೆಯ ಆರಂಭ.

ಆದ್ದರಿಂದ ಮುಂದಿನ ಸಲ ಕಿಟಕಿಯಲ್ಲಿ "ಪೆಂಡಿಂಗ್" ಎಂದರೆ ವಾಪಸ್ ಬರಬೇಡಿ. ಮೂರು ಮಾತು ಕೇಳಿ: ಯಾರ ಹತ್ತಿರ ಇದೆ? ಎಂದಿನಿಂದ ಇದೆ? ಏನಕ್ಕಾಗಿ ಕಾಯುತ್ತಿದೆ? ಮೂರನೆಯದನ್ನು ನಾವು ಮೊದಲ ದಿನವೇ ಕೇಳಿದ್ದರೆ ಅವ್ವನ ಓಲೆ ಕಿವಿಯಲ್ಲೇ ಇರುತ್ತಿದ್ದವು.